ಬಚ್ಚಲಿನ ಬಾಗಿಲು ತಟ್ಟಿ

ನಮ್ಮ ಊರಮನೆಯ ಬಚ್ಚಲಿಗೆ ಹೋಗುವವರು ಬಾಗಿಲು ತಟ್ಟಿಯೇ ಹೋಗಬೇಕು. ಒಳಗೆ ಯಾರೂ ಇಲ್ಲದಿದ್ದರೂ ತಟ್ಟಬೇಕು. ಯಾರೂ ಇಲ್ಲ ಎಂದು ಖಾತ್ರಿಯಾದಾಗಂತೂ ತಟ್ಟಲೇಬೇಕು. ಎರಡು ಸಲ ತಟ್ಟಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಬಾಗಿಲು ದೂಡಬೇಕು. ಇದು ಅಮ್ಮ ಮಾಡಿದ ಕಾನೂನು. ಮೀರಿ ಧಡಕ್ಕನೆ ನುಗ್ಗಿದವರ ಹೆಗಲ ಮೇಲೋ, ಬೋಳು ನೆತ್ತಿಯ ಮೇಲೋ ಪಚಕ್ಕೆಂದು ತಣ್ಣಗಿನದೇನೋ ಬಂದು ಕೂರುತ್ತಿತ್ತು. ಅದೇ ಶಿಕ್ಷೆ. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಒಳಗೆ ಇದ್ದದ್ದು ಒಂದು ಮರಗಪ್ಪೆ.

ಹಗಲಿಡೀ ಅದು ಹಂಡೆಯ ಹಿಂದಿನ ಗೋಡೆಗೂಡಿನಲ್ಲಿ ಕೈಕಾಲು ಮಡಚಿ, ಕಣ್ಣು ಮುಚ್ಚಿ, ಯಾರೋ ಹಿಂಡಿ ಮರೆತುಹೋದ ಒದ್ದೆ ಬಟ್ಟೆಯ ಉಂಡೆಯಂತೆ ಕೂತಿರುತ್ತಿತ್ತು. ಮೈಬಣ್ಣ ಒಂದು ದಿನ ಹಾಲು ಹೆಚ್ಚಾದ ಕಾಫಿ, ಇನ್ನೊಂದು ದಿನ ಡಿಕಾಕ್ಷನ್ ಹೆಚ್ಚಾದ ಕಾಫಿ. ಬೆರಳ ತುದಿಗೆಲ್ಲ ಪುಟ್ಟ ಪುಟ್ಟ ಬಿಲ್ಲೆಗಳು. ಅವನ್ನು ಒತ್ತಿಕೊಂಡು ಗಾರೆಗೋಡೆಯನ್ನು ಏಣಿಯಿಲ್ಲದೆ ಹತ್ತುತ್ತಿತ್ತು. ರಾತ್ರಿ ಬಲ್ಬು ಹೊತ್ತಿಸಿದರೆ ಎದ್ದು ಮೈ ಮುರಿದು, ಬೆಳಕಿಗೆ ಬಂದ ಹುಳಗಳನ್ನು ಒಂದೊಂದೇ ನುಂಗುತ್ತಿತ್ತು. "ಬಾಡಿಗೆ ಸರಿಯಾಗಿ ಕೊಡ್ತದೆ ಪಾಪ" ಎಂದು ಅಪ್ಪ ಅದನ್ನು ಎಂದೂ ಎಬ್ಬಿಸಿದವರಲ್ಲ. ಅಮ್ಮ ಅದಕ್ಕೆ ಹೆಸರಿಡಲಿಲ್ಲ. "ಅವನು" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಹೆಸರು ಹಿಡಿದು ಕರೆಯದ ಗಂಡಸರು ಇಬ್ಬರೇ: ಒಬ್ಬರು ಅಪ್ಪ, ಇನ್ನೊಬ್ಬ ಬಚ್ಚಲಿನವನು.

ಅಕ್ಕನ ಮದುವೆಯಾದ ಹೊಸತರಲ್ಲಿ ಭಾವ ಮೊದಲ ಸಲ ಮನೆಗೆ ಬಂದರು. ಅವರದು ದಾವಣಗೆರೆ ಕಡೆ. ಬೆಳಿಗ್ಗೆ ಹೆಗಲಿಗೆ ಟವೆಲು ಹಾಕಿಕೊಂಡು ಹೊರಟವರಿಗೆ ಅಮ್ಮ, "ಒಳಗೆ ಅವನಿರ್ತಾನೆ, ಬಾಗಿಲು ತಟ್ಟಿ ಹೋಗಿ" ಎಂದಳು. ಭಾವ ತಟ್ಟಿದರು. ಉತ್ತರ ಬರಲಿಲ್ಲ. ಸಭ್ಯ ಮನುಷ್ಯ, ಅಲ್ಲೇ ತುಳಸಿಕಟ್ಟೆಯ ಹತ್ತಿರ ನಿಂತರು. ಮತ್ತೆ ತಟ್ಟಿದರು. ಮತ್ತೆ ನಿಂತರು. ಮುಕ್ಕಾಲು ಗಂಟೆಯ ಮೇಲೆ ನನ್ನನ್ನು ಹತ್ತಿರ ಕರೆದು, "ಒಳಗಿರೋರು ಭಾಳ ಹೊತ್ತು ತಗೋತಾರಲ್ರೀ, ಹಿರಿಯರೇನು?" ಎಂದು ಪಿಸುಗುಟ್ಟಿದರು. ಹಿರಿಯರೇ ಹೌದು. ಭೂಮಿಯ ಮೇಲೆ ಕಪ್ಪೆಗಳ ವಂಶ ಮನುಷ್ಯನದಕ್ಕಿಂತ ಎಷ್ಟೋ ಕೋಟಿ ವರ್ಷ ಹಿರಿದು.

ಕಪ್ಪೆ ಬಚ್ಚಲಿಗೆ ಬಂದದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ, ನೀರಿನ ಮೇಲಿನ ಪ್ರೀತಿಯಿಂದ. ಕಪ್ಪೆ ನಮ್ಮಂತೆ ಬಾಯಿಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರಿನ ಒಂದು ಪಾಲೂ ಚರ್ಮದ ಮೂಲಕವೇ. ಮೈ ಒಣಗಿತೆಂದರೆ ಬಾಯಾರಿಕೆ, ಉಸಿರುಗಟ್ಟುವುದು ಎರಡೂ ಒಟ್ಟಿಗೆ. ಹಾಗಾಗಿ ಬೇಸಿಗೆಯಲ್ಲಿ ಕಾಡಿನ ತರಗೆಲೆಯೆಲ್ಲ ಹಪ್ಪಳವಾದಾಗ, ಗುಡ್ಡದ ಅಬ್ಬಿನೀರು ಬಂದು ಬೀಳುವ ನಮ್ಮ ಬಚ್ಚಲು ಅದಕ್ಕೆ ಅಜ್ಜನಮನೆ.

ರಜೆ ಎಂದು ಮುಗಿಯಬೇಕೆಂಬುದು ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ನಮ್ಮೂರು ಆಗುಂಬೆಗೆ ಹೆಚ್ಚು ದೂರವಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆ ಊರಿನ ನೆರೆಯವರಾದ ನಮಗೆ ಮಳೆ ಎಂದರೆ ಹವಾಮಾನವಲ್ಲ, ನೆಂಟ. ಬರುವ ದಿನ, ಉಳಿಯುವ ದಿನ, ಹೊರಡುವ ದಿನ ಎಲ್ಲವೂ ಪಂಚಾಂಗದಲ್ಲಿ ಇರುತ್ತಿತ್ತು. ಮೇ ಕೊನೆಗೆ ರೋಹಿಣಿ, ಜೂನ್ ಎರಡನೇ ವಾರಕ್ಕೆ ಮೃಗಶಿರ, ಆಮೇಲೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ರೇಡಿಯೋದವರು "ಅಲ್ಲಲ್ಲಿ ಚದುರಿದಂತೆ ಮಳೆಯಾಗುವ ಸಂಭವವಿದೆ" ಎಂದರೆ ಅಪ್ಪ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಂದು ರಾತ್ರಿ ಗುಡುಗಿ, ಸಿಡಿದು, ಹಂಚಿನ ಮೇಲೆ ಸೇರುಗಟ್ಟಲೆ ಅಡಿಕೆ ಸುರಿದಂತೆ ಮಳೆ ಹೊಡೆದ ಮರುಬೆಳಿಗ್ಗೆ ಅವರು ಸೀದಾ ಬಚ್ಚಲಿಗೆ ಹೋಗಿ ಗೋಡೆಗೂಡು ನೋಡುತ್ತಿದ್ದರು. ಅದು ಖಾಲಿಯಾಗಿದ್ದರೆ ಜಗಲಿಗೆ ಬಂದು ಘೋಷಿಸುತ್ತಿದ್ದರು: "ಹೋದ. ಮಳೆಗಾಲ ಹಿಡೀತು. ಗದ್ದೆಗೆ ಹೂಟಿ ಶುರು ಮಾಡಬೌದು."

ಆ ಒಂದು ರಾತ್ರಿಯ ಮಳೆಯನ್ನು ಎಷ್ಟು ಜೀವಗಳು ಕಾಯುತ್ತಿದ್ದವು! ಗೆದ್ದಲಿಗೆ ರೆಕ್ಕೆ ಬಂದು ಅಂಗಳದ ದೀಪಕ್ಕೆ ಮುತ್ತುತ್ತಿತ್ತು. ಹಳ್ಳದ ಮೀನು ಹೊಸನೀರಿನ ವಾಸನೆ ಹಿಡಿದು ಗದ್ದೆಯತ್ತ ಹತ್ತುತ್ತಿತ್ತು. ಹತ್ತುಮೀನು ಹಿಡಿಯಲು ಊರ ಗಂಡಸರೆಲ್ಲ ದೊಂದಿ, ಕತ್ತಿ, ಕೂಳಿ ಹಿಡಿದು ನಡುರಾತ್ರಿ ಹೊರಬೀಳುತ್ತಿದ್ದರು. ಕೊಟ್ಟಿಗೆಯ ಹಿಂದಿನ ಅಬ್ಬಿನೀರಿನ ತೊಟ್ಟಿಯ ಸುತ್ತ ನಮ್ಮ ಬಚ್ಚಲಿನವನ ಬಳಗ ಸೇರುತ್ತಿತ್ತು. ಅವುಗಳ ದನಿ ವಟವಟ ಅಲ್ಲ. ಟಕ್, ಟಕ್, ಟಕ್. ಯಾರೋ ಬೆರಳ ಗೆಣ್ಣಿನಿಂದ ಹಲಗೆ ಬಾಗಿಲು ತಟ್ಟಿದ ಹಾಗೆಯೇ. ಅಮ್ಮನ ಕಾನೂನು ಕಪ್ಪೆಗೂ ಗೊತ್ತು ಎಂದು ನಾವು ಚಿಕ್ಕವರಿದ್ದಾಗ ನಂಬಿದ್ದೆವು.

ಒಂದು ವರ್ಷ ಆ ತೊಟ್ಟಿಯ ಹತ್ತಿರ ಲಾಟೀನು ಹಿಡಿದು ಕೂತು ಅವುಗಳ ಸಂಸಾರ ನೋಡಿದೆ. ನೀರಿನ ಮೇಲಕ್ಕೆ ಬಾಗಿದ ಕೆಸುವಿನ ಎಲೆಯಲ್ಲಿ ದೊಡ್ಡದೊಂದು ಕಪ್ಪೆ, ಅದರ ಬೆನ್ನ ಮೇಲೆ ಸಣ್ಣದೊಂದು. ದೊಡ್ಡದು ಮೊಟ್ಟೆಯ ಜೊತೆಗೆ ಲೋಳೆ ಬಿಟ್ಟು, ಹಿಂಗಾಲೆರಡರಿಂದ ಅದನ್ನು ಕಡೆಯತೊಡಗಿತು. ಅಮ್ಮ ಮಜ್ಜಿಗೆ ಕಡೆಯುವ ಗತಿಯೇ; ಎಡ, ಬಲ, ಎಡ, ಬಲ. ನೋಡನೋಡುತ್ತ ಬಿಳಿನೊರೆ ಉಬ್ಬಿ ಮುಷ್ಟಿಗಾತ್ರ ಆಯಿತು. ಮೊಟ್ಟೆಗಳೆಲ್ಲ ನೊರೆಯೊಳಗೆ. ಹೊರಗೆ ಬಿಸಿಲಿಗೆ ಗಟ್ಟಿ, ಒಳಗೆ ತಂಪು. ನಾಲ್ಕೈದು ದಿನಕ್ಕೆ ಗೊದಮೊಟ್ಟೆಗಳು ನೊರೆ ಕರಗಿಸಿಕೊಂಡು ಕೆಳಗಿನ ನೀರಿಗೆ ಟಪಟಪ ಉದುರುತ್ತವೆ. ಅಲ್ಲಿಂದ ಬಾಲ ಕಳೆದು ಕಾಲು ಮೂಡಿ ಕಪ್ಪೆಯಾಗಲು ಒಂದೂವರೆ ಎರಡು ತಿಂಗಳು. ಅಷ್ಟು ದಿನ ಕೆಳಗೆ ನೀರು ಇರಬೇಕು. ಇಡೀ ಏರ್ಪಾಡು ನಿಂತಿರುವುದು ಅದೊಂದೇ ನಂಬಿಕೆಯ ಮೇಲೆ.

ನೊರೆ ಕಡೆಯುವುದು ಹೆಣ್ಣು. ದೊಡ್ಡದಾಗಿರುವುದೂ ಹೆಣ್ಣೇ. ಈ ವಿಷಯ ಮನೆಯಲ್ಲಿ ಹೇಳಿದಾಗ ಅಡಿಗೆಮನೆ ಒಂದು ಕ್ಷಣ ಸ್ತಬ್ಧವಾಯಿತು. ನಮ್ಮ ಬಚ್ಚಲಿನ ಹಿರಿಯರು ದೊಡ್ಡ ಗಾತ್ರದವರು. ಅಪ್ಪ ಊಟದ ತುತ್ತನ್ನು ಅರ್ಧಕ್ಕೆ ನಿಲ್ಲಿಸಿ, "ಹಾಗಾದ್ರೆ ಇಷ್ಟು ವರ್ಷ ನಾನು ಹೆಂಗಸಿನ ಎದುರು ಸ್ನಾನ ಮಾಡಿದ್ನಾ ಮಾರಾಯ?" ಎಂದರು. ಅಮ್ಮ ಮಜ್ಜಿಗೆ ಬಡಿಸುತ್ತ, "ಅವಳು ಕಣ್ಣು ಮುಚ್ಚಿಕೊಂಡೇ ಇರ್ತಿದ್ಲು ಬಿಡಿ" ಎಂದಳು. ಅಂದಿನಿಂದ "ಅವನು" ಹೋಗಿ "ಅವಳು" ಆಯಿತು. ಇಪ್ಪತ್ತು ಮೂವತ್ತು ವರ್ಷದುದ್ದಕ್ಕೂ ಕಂಡದ್ದು ಒಂದೇ ಕಪ್ಪೆಯಂತೂ ಅಲ್ಲ. ತಾಯಿಯ ನಂತರ ಮಗಳು, ಮಗಳ ನಂತರ ಮೊಮ್ಮಗಳು ಅದೇ ಗೂಡು ಹಿಡಿದಿರಬೇಕು. ನಮ್ಮ ತೋಟದ ಪಹಣಿಗಿಂತ ಅವರ ಗೋಡೆಗೂಡಿನ ಪಹಣಿ ತಂಟೆಯಿಲ್ಲದ್ದು.

ಸಂಸಾರದ ಈ ಜಾಣ್ಮೆ ಇವಳೊಬ್ಬಳದೇ ಅಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳಲ್ಲಿ ಕುಂಬಾರ ಕಪ್ಪೆ ಎಂಬುದಿದೆ. ವಿಜ್ಞಾನಿಗಳು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ಲೋಕಕ್ಕೆ ಪರಿಚಯಿಸುವಾಗ ವೈಜ್ಞಾನಿಕ ಹೆಸರಿನಲ್ಲೇ 'ಕುಂಬಾರ' ಎಂಬ ಕನ್ನಡ ಪದ ಸೇರಿಸಿದರು. ಅಲ್ಲಿ ಕೆಲಸವೆಲ್ಲ ಗಂಡಿನದು. ತೊರೆಯ ಪಕ್ಕದ ಕಡ್ಡಿಗೆ ಅಂಟಿಸಿದ ಮೊಟ್ಟೆಗಳ ಮೇಲೆ ಎರಡೂ ಕೈಯಿಂದ ಕೆಸರು ತಂದು ಮೆತ್ತುತ್ತದೆ, ಮಡಕೆಗೆ ಮೆರುಗು ಕೊಡುವಂತೆ. ಮನೆಗೆಲಸ ಮಾಡದ ಗಂಡಸರನ್ನೆಲ್ಲ ಒಂದು ಮಳೆಗಾಲ ಅಲ್ಲಿಗೆ ತರಬೇತಿಗೆ ಕಳಿಸಬಹುದು. ಇನ್ನು ನಮ್ಮ ಹಿತ್ತಲಿನ ಪೊದೆಗಪ್ಪೆಗಳು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಅವು ಗೊದಮೊಟ್ಟೆಯ ತರಗತಿಯನ್ನೇ ಹಾರಿಸಿಬಿಟ್ಟಿವೆ. ಮೊಟ್ಟೆಯಿಂದ ನೇರ ಮರಿಗಪ್ಪೆ. ಕೆರೆ ಬೇಡ, ತೊಟ್ಟಿ ಬೇಡ. ಒದ್ದೆ ಎಲೆ, ಒದ್ದೆ ಗಾಳಿ ಸಾಕು. ಅಂದರೆ ಮಳೆ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಬಾರದು, ಅಷ್ಟೆ.

ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಮಳೆಯ ಮಾತಿಗೆ ಕಟ್ಟುಬಿದ್ದು ಬದುಕು ಕಟ್ಟಿಕೊಂಡವರು. ಮಳೆ ಮಾತು ತಪ್ಪಿದರೆ ಏನು ಮಾಡಬೇಕೆಂದು ಇವರ ಅಜ್ಜಿಯರು ಹೇಳಿಕೊಟ್ಟಿರಲಿಲ್ಲ.

ಮಾತು ತಪ್ಪಿದ್ದನ್ನು ನಾನು ಮೊದಲು ಕಂಡದ್ದು ಕೆಲವು ವರ್ಷದ ಹಿಂದೆ, ಒಂದು ಏಪ್ರಿಲ್ ತಿಂಗಳಲ್ಲಿ. ಊರಿಗೆ ಹೋಗಿದ್ದೆ. ಆಷಾಢದ ಮಳೆ ದಾರಿ ತಪ್ಪಿ ಚೈತ್ರಕ್ಕೆ ಬಂತೋ ಎನ್ನುವಂತೆ ಎರಡು ರಾತ್ರಿ ಎಡೆಬಿಡದೆ ಸುರಿಯಿತು. ಮರುದಿನ ಗೂಡು ಖಾಲಿ. ಅಪ್ಪ ಜಗಲಿಗೆ ಬಂದವರು ಘೋಷಣೆ ಮಾಡಲೋ ಬೇಡವೋ ಎಂದು ಅನುಮಾನಿಸಿ, ಪಂಚಾಂಗ ತೆರೆದು, ಕನ್ನಡಕ ಒರೆಸಿ, ಮತ್ತೆ ಮುಚ್ಚಿದರು. ತೊಟ್ಟಿಯ ಮೇಲೆ ಮೂರು ನೊರೆಗೂಡು. ವಾರದೊಳಗೆ ನೀರಿನ ತುಂಬ ಎಳ್ಳು ಚೆಲ್ಲಿದಂತೆ ಗೊದಮೊಟ್ಟೆ. ಅಲ್ಲಿಂದ ಮಳೆ ಕಾಣೆ. ಬಿಸಿಲೆಂದರೆ ಅಂಗಳದಲ್ಲಿ ಅಡಿಕೆಯನ್ನು ಬೇಯಿಸುವ ಖರ್ಚೇ ಉಳಿಯುವಂಥದು. ಗುಡ್ಡದ ಅಬ್ಬಿ ನೂಲಿನಷ್ಟು ಸಣ್ಣಗಾಗಿ, ಆಮೇಲೆ ಹನಿಯಾಗಿ, ಆಮೇಲೆ ನೆನಪಾಯಿತು. ತೊಟ್ಟಿಯ ತಳದಲ್ಲಿ ಬೊಗಸೆಯಷ್ಟು ಕೆಸರು. ಅದರಲ್ಲಿ ಎಳ್ಳು ವಿಲಿವಿಲಿ.

ನನ್ನಲ್ಲಿ ದಯೆ ಉಕ್ಕಿತು. ದಯೆ ಉಕ್ಕಿದಾಗ ಕೈಗೆ ಸಿಕ್ಕಿದ ಪಾತ್ರೆ ಹಿಡಿಯುವುದು ನನ್ನ ಸ್ವಭಾವ. ಅಮ್ಮ ಅಪ್ಪೆಮಿಡಿ ಹಾಕಲೆಂದು ತೊಳೆದು ಒಣಗಿಸಿಟ್ಟಿದ್ದ ಪಿಂಗಾಣಿ ಭರಣಿ ಸಿಕ್ಕಿತು. ಬಾವಿಯಿಂದ ನೀರು ಸೇದಿ ತುಂಬಿ, ಸೌಟಿನಿಂದ ಗೊದಮೊಟ್ಟೆಗಳನ್ನು ಎತ್ತಿ ಬಿಟ್ಟು, ತಂಪಿರಲಿ ಎಂದು ಉಗ್ರಾಣದ ಮೂಲೆಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿದೆ. ಹೇಳಲು ಮರೆತೆ. ಮಾರನೇ ದಿನ ಉಪ್ಪಿನಕಾಯಿ ಹದ ಹೇಳಲು ಬಂದ ದೊಡ್ಡಮ್ಮ, ಮಿಡಿ ಆಗಲೇ ಹಾಕಿದೆ ಎಂದುಕೊಂಡು ಬಟ್ಟೆ ಸರಿಸಿ ಒಳಗೆ ಇಣುಕಿದರು. ಅವರಿಗೆ ದೃಷ್ಟಿ ಸ್ವಲ್ಪ ಮಂದ. "ಸಾಸಿವೆ ಜಾಸ್ತಿ ಆಯ್ತಲ್ಲೇ" ಎಂದರು. ಆಮೇಲೆ ಸಾಸಿವೆ ಈಜಿತು. ಅವರು ಕಿರುಚಿದ್ದು ಗದ್ದೆಯಾಚೆಯ ಮನೆಗೂ ಕೇಳಿಸಿ ಅಲ್ಲಿಂದ ಇಬ್ಬರು ಓಡಿಬಂದರು.

ಅದು ಪಂಚಾಂಗದ ಪ್ರಕಾರ ಭರಣಿ ಮಳೆಯ ಕಾಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬುದು ಗಾದೆ. "ಈ ಸಲ ಭರಣಿ ಮಳೆ ಭರಣಿಯೊಳಗೇ ಆಯ್ತು" ಎಂದು ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ಆ ಭರಣಿಗೆ ಮತ್ತೆ ಉಪ್ಪಿನಕಾಯಿ ಯೋಗ ಬರಲಿಲ್ಲ. ಸಾಕುವುದು ಹೇಗೆಂದು ಗೊತ್ತಿಲ್ಲದ ನನ್ನ ಕೈಯಲ್ಲಿ ಎಳ್ಳಿನಷ್ಟಿದ್ದವು ಎಣಿಕೆಯಷ್ಟಾದವು. ಕಾಲು ಮೂಡಿಸಿಕೊಂಡು ಹೊರಗೆ ನೆಗೆದವು ಹನ್ನೊಂದು. ದಯೆಗೂ ಪಾಠ ಓದಿರಬೇಕು ಎಂದು ಅಂದು ಗೊತ್ತಾಯಿತು.

ಮಳೆ ಯಾಕೆ ಹೀಗಾಯಿತೆಂದು ಅಪ್ಪ ನನ್ನನ್ನು ಕೇಳಿದರು. ಪೇಟೆಯಲ್ಲಿರುವ ಮಗನಿಗೆ ಗೊತ್ತಿರಬೇಕು ಎಂಬ ಭರವಸೆ. ಓದಿದ್ದನ್ನು ಹೇಳಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಅಂದರೆ ಆಕಾಶದ ಕಂಬಳಿ ದಪ್ಪವಾಗಿದೆ. ದಪ್ಪ ಕಂಬಳಿ ನೆನೆಯಲು ಹೊತ್ತು ಬೇಕು, ಅಷ್ಟು ದಿನ ನಮಗೆ ಹನಿಯಿಲ್ಲ; ನೆನೆದ ಮೇಲೆ ಹಿಂಡಿದರೆ ತಡೆಯಲಾಗದಷ್ಟು ನೀರು. ಅಪ್ಪ ಕಂಬಳಿಕೊಪ್ಪೆ ಹೊದ್ದು ನಾಟಿ ಮಾಡಿದವರು, ಕೂಡಲೇ ಅರ್ಥವಾಯಿತು. "ಅದ್ಕೇ ಈಗ ಮಳೆ ಬರೋದಿಲ್ಲ, ಬೀಳ್ತದೆ" ಎಂದರು. ಇಷ್ಟು ಚಿಕ್ಕದಾಗಿ ನಾನು ಓದಿದ ಯಾವ ವರದಿಯೂ ಹೇಳಿರಲಿಲ್ಲ.

ಮಳೆಯ ಈ ಗೊಂದಲದಲ್ಲಿ ಕಪ್ಪೆಗಳನ್ನು ಎಳೆದು ತರುವುದು ನಮ್ಮ ಜನಕ್ಕೆ ಹಳೆಯ ಚಾಳಿ. 2019ರ ಜೂನ್‌ನಲ್ಲಿ ಮಳೆ ತಡವಾಯಿತೆಂದು ಉಡುಪಿಯಲ್ಲಿ ಕಪ್ಪೆಗಳಿಗೆ ಶಾಸ್ತ್ರೋಕ್ತ ಮದುವೆ ಮಾಡಿಸಿದರು. ಅದೇ ವರ್ಷ ಭೋಪಾಲದಲ್ಲೂ ಜುಲೈನಲ್ಲಿ ಕಪ್ಪೆ ಮದುವೆ ಆಯಿತು. ಅಲ್ಲಿ ಆಮೇಲೆ ಮಳೆ ಎಷ್ಟು ಅತಿಯಾಯಿತೆಂದರೆ ಸೆಪ್ಟೆಂಬರಿನಲ್ಲಿ ಮಂತ್ರ ಹೇಳಿ ಆ ಜೋಡಿಗೆ ವಿಚ್ಛೇದನ ಕೊಡಿಸಿದರು. ಎರಡೇ ತಿಂಗಳ ಸಂಸಾರ! ಬಿಸಿ ಏರಿಸಿದ್ದು ಯಾರೋ, ಡೈವೋರ್ಸ್ ಆದದ್ದು ಕಪ್ಪೆಗೆ.

2023ರ ಆಗಸ್ಟ್‌ನಲ್ಲಿ ಮತ್ತೆ ಊರಿಗೆ ಹೋದೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯಲ್ಲಿ ನನ್ನ ಪಾಲಿನ ಕೆಲಸವನ್ನು ನಾನು ನಿಷ್ಠೆಯಿಂದ ಮಾಡಿದೆ. ಕೆಸುವಿನ ಪತ್ರೊಡೆ, ಕಳಲೆ ಪಲ್ಯ ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಮಘೆ ಮಾತ್ರ ತನ್ನ ಪಾಲು ಮಾಡಲಿಲ್ಲ. ದೇಶದಲ್ಲಿ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲವಂತೆ. ರಾತ್ರಿ ಜಗಲಿಯಲ್ಲಿ ಮಲಗಿದರೆ ನಿದ್ದೆ ಬಾರದು. ಸೆಕೆಯಿಂದಲ್ಲ, ಸದ್ದಿಲ್ಲದ್ದರಿಂದ. ಆ ತಿಂಗಳಲ್ಲಿ ಹಿತ್ತಲಿನ ಪೊದೆಗಪ್ಪೆಗಳ ಟಿಕ್‌ಟಿಕ್ ಕೇಳುತ್ತಲೇ ಬೆಳೆದವನು ನಾನು. ಗೋಡೆಗಡಿಯಾರ ನಿಂತ ಮನೆಯಲ್ಲಿ ಮಲಗಿದ ಹಾಗಾಯಿತು. ಎಲೆಯ ಮೇಲಿನ ಮೊಟ್ಟೆಗೆ ಹತ್ತು ದಿನದ ಒಣಹವೆ ಎಂದರೆ ನಮಗೆ ಹತ್ತು ದಿನ ಅನ್ನನೀರಿಲ್ಲದ ಹಾಗೆ.

ಕಪ್ಪೆ ತಪ್ಪಿದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಕಪ್ಪೆಯನ್ನು ಕೇರೆಹಾವು ತಿನ್ನಬೇಕು, ಕೇರೆಯನ್ನು ಕಾಳಿಂಗ ತಿನ್ನಬೇಕು. ನಮ್ಮ ಘಟ್ಟದ ಕಾಳಿಂಗ ಸರ್ಪವೇ ಒಂದು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ನಿರ್ಧಾರವಾಗಿ, ವಿಜ್ಞಾನದ ಪುಸ್ತಕದಲ್ಲೂ ಅದು 'ಕಾಳಿಂಗ'ವೇ ಆಯಿತು. ಹಾವುಗಳಲ್ಲಿ ಗೂಡು ಕಟ್ಟುವುದು ಕಾಳಿಂಗದ ಬಳಗವೊಂದೇ. ಮುಂಗಾರಿಗೆ ಮುಂಚೆ ಹೆಣ್ಣು ತರಗೆಲೆಯನ್ನು ಸುರುಳಿಯಲ್ಲಿ ಎಳೆದು ರಾಶಿ ಹಾಕಿ, ನಡುವೆ ಮೊಟ್ಟೆಯಿಟ್ಟು ಕಾಯುತ್ತದೆ. ಕೊಳೆಯುವ ಎಲೆಯ ಬಿಸಿಯೇ ಕಾವು. ಆ ರಾಶಿಗೂ ಎಂದು ಒಣಗಿರಬೇಕು, ಎಂದು ನೆನೆಯಬೇಕು ಎಂಬ ವೇಳಾಪಟ್ಟಿ ಇದೆ. ಹತ್ತುಮೀನೂ ಅಷ್ಟೆ. ಅಕಾಲದ ನೀರಿಗೆ ಏರಿಬಂದವು ನೀರಿಳಿದಾಗ ಗದ್ದೆಯ ಗುಂಡಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆ ದಿನ ಕೊಕ್ಕರೆಗಳಿಗೆ ಹಬ್ಬ, ಆದರೆ ಮುಂದಿನ ವರ್ಷದ ಹಬ್ಬವನ್ನೂ ಅವು ಅಂದೇ ಉಂಡು ಮುಗಿಸಿರುತ್ತವೆ. ಲೋಕದ ಕಪ್ಪೆ ಮೊದಲಾದ ಉಭಯಚರಗಳಲ್ಲಿ ಶೇಕಡಾ 41ರಷ್ಟು ಪ್ರಭೇದಗಳು ಅಳಿವಿನ ಅಂಚಿನತ್ತ ಸರಿದಿವೆ ಎಂದು 2023ರ ಜಾಗತಿಕ ಸಮೀಕ್ಷೆ ಹೇಳಿತು. 2004ರಿಂದೀಚೆಗೆ ಅವುಗಳ ಪಾಡು ಕೆಡಿಸಿದ್ದರಲ್ಲಿ ಹವಾಮಾನ ಬದಲಾವಣೆಯದೇ ಮೇಲುಗೈಯಂತೆ. ತಣ್ಣಗಿನ ಜಾಗ ಹುಡುಕಿ ಗುಡ್ಡ ಹತ್ತೋಣವೆಂದರೆ ಕುದುರೆಮುಖವೂ 1,900 ಮೀಟರಿನ ಆಸುಪಾಸಿಗೆ ಮುಗಿದುಹೋಗುತ್ತದೆ. ಅಲ್ಲಿಂದ ಮೇಲೆ ಮೋಡ ಮಾತ್ರ.

ಎಲ್ಲವನ್ನೂ ಆಕಾಶದ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಮೊನ್ನೆ ಮೊನ್ನೆ ನಾನೇ ಮುತುವರ್ಜಿಯಿಂದ ಬಚ್ಚಲನ್ನು ಹೊಸದು ಮಾಡಿಸಿದೆ. ನೆಲಕ್ಕೆ, ಗೋಡೆಗೆ ಬಿಳಿ ಟೈಲ್ಸು. ಹಂಡೆ ಹೋಗಿ ಗೀಸರು. ಕಿಟಕಿಗೆ ಸೊಳ್ಳೆ ಜಾಲರಿ. ಅಮ್ಮ ಎಲ್ಲವನ್ನೂ ಸುತ್ತಿ ನೋಡಿ, "ಚೆಂದ ಆಗಿದೆ. ಅವಳೆಲ್ಲಿ ಕೂರಬೇಕು?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅಮ್ಮ ಗಾರೆಯವನನ್ನು ಮತ್ತೆ ಕರೆಸಿ, ನೀರು ಹೋಗುವ ಮೂಲೆಯ ಮೇಲೆ ಒಂದು ಟೈಲು ಕೀಳಿಸಿ, ಹಳೆಯ ಗೂಡಿನಷ್ಟೇ ಒಂದು ಗೂಡನ್ನೂ ಹೊರಗಿನಿಂದ ಬರಲು ಅಂಗೈಯಷ್ಟು ಕಿಂಡಿಯನ್ನೂ ಮಾಡಿಸಿದಳು. ಅವನು ಯಾವ ದೇವರಿಗೆ ಎಂದು ಕೇಳಿದನಂತೆ. ಅಮ್ಮ ಅವನಿಗೆ ಏನು ಹೇಳಿದಳೋ, ಗೂಡಿನ ಮೇಲೆ ಒಂದು ಸ್ವಸ್ತಿಕ ಬರೆದು ಹೋಗಿದ್ದಾನೆ.

ಅವಳು ಬಂದಳು. ಒಂದು ಬೇಸಿಗೆ ತಡವಾಗಿ, ಸ್ವಲ್ಪ ಚಿಕ್ಕ ಗಾತ್ರದವಳು, ಬಹುಶಃ ಮೊಮ್ಮಗಳು. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ನಾನು ಈಗಲೂ ಖಾಲಿ ಬಾತ್‌ರೂಮಿನ ಬಾಗಿಲು ಎರಡು ಸಲ ತಟ್ಟಿ ಹತ್ತು ಎಣಿಸುತ್ತೇನೆ. ಹೆಂಡತಿಗೆ ಅಭ್ಯಾಸವಾಗಿದೆ. ಮಗಳು ಮಾತ್ರ ಗೆಳತಿಯರ ಎದುರು ಹಾಗೆ ಮಾಡಬೇಡಿ ಎಂದು ಕೇಳಿಕೊಂಡಿದ್ದಾಳೆ.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತು. ಜೂನ್ 1ಕ್ಕೆ ಬರಬೇಕಾದ ನೆಂಟ ರೋಹಿಣಿ ಹುಟ್ಟುವ ಮುನ್ನವೇ ಚೀಲ ಹಿಡಿದು ಅಂಗಳದಲ್ಲಿ ನಿಂತಂತೆ. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಎಂದರು ಹವಾಮಾನದವರು. ಎರಡು ಮೂರು ದಿನದಲ್ಲಿ ಊರಿಂದ ಫೋನು. ಅಮ್ಮನ ದನಿಯ ಹಿಂದೆ ಹಂಚಿನ ಮೇಲೆ ಬೀಳುವ ಮಳೆ. ಅದರ ಹಿಂದೆ ಇನ್ನೊಂದು ಸದ್ದು. ಟಕ್, ಟಕ್, ಟಕ್.

"ಯಾರೋ ಬಾಗಿಲು ತಟ್ತಾ ಇದ್ದಾರೆ ಕಣಮ್ಮ" ಎಂದೆ.

"ಬಾಗಿಲಲ್ಲ ಮಾರಾಯ. ತೊಟ್ಟಿ ಹತ್ರ ಗಂಡುಗಳು. ಎರಡು ರಾತ್ರಿಯಿಂದ ಕರೀತಾ ಇದಾವೆ."

"ಹಾಗಾದ್ರೆ ಅವಳು ಹೋದ್ಲಾ?"

ಅಮ್ಮ ಫೋನು ಹಿಡಿದುಕೊಂಡೇ ಬಚ್ಚಲಿಗೆ ನಡೆದದ್ದು ಕೇಳಿಸಿತು. ಬಾಗಿಲನ್ನು ಎರಡು ಸಲ ತಟ್ಟಿದಳು. ಸ್ವಲ್ಪ ಹೊತ್ತು ಮಳೆ ಬಿಟ್ಟು ಬೇರೆ ಸದ್ದಿಲ್ಲ.

"ಇಲ್ಲ ಕಣೋ, ಇಲ್ಲೇ ಕೂತಿದ್ದಾಳೆ. ಕಣ್ಣು ಮಾತ್ರ ಬಿಟ್ಟಿದ್ದಾಳೆ" ಎಂದಳು ಅಮ್ಮ. "ಹತ್ತು ಎಣಿಸ್ತಾ ಇದ್ದಾಳೋ ಏನೋ."